ಆನಿಕಟ್: ಬೆಜವಾಡದಲ್ಲಿ ನಿಂತು ಕಲಿಯಬೇಕಾದ ಒಂದು ಇಂಗ್ಲಿಷ್ ಪದ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಈ ವಾರದ ಮಾತು ಇಲ್ಲಿ ಬರಹದಲ್ಲಿದೆ. ಈ ಸಲ ಒಂದೇ ಒಂದು ಪದ: ಆನಿಕಟ್. ಇಂಗ್ಲಿಷ್ ನಿಘಂಟಿನಲ್ಲಿದೆ, ನೀರಾವರಿ ಇಲಾಖೆಯ ಕಡತಗಳಲ್ಲಿದೆ, ಕೃಷ್ಣಾ ನೀರಿನ ಜಗಳದ ದಾಖಲೆಗಳಲ್ಲೂ ಇದೆ. ಕಿವಿಗೆ ಬಿದ್ದ ತಕ್ಷಣ 'ಕಟ್' ಅನ್ನೋದು ಕತ್ತರಿಸೋ ಕಟ್ ಅನಿಸುತ್ತೆ. ಅಲ್ಲ, ಅದು ನಮ್ಮ 'ಕಟ್ಟು'.

ನಾನಿರೋದು ವಿಶಾಖಪಟ್ಟಣದಲ್ಲಿ, ಹಾಗಾಗಿ ಮೊದಲು ಇಲ್ಲಿನ ಕಡಲ ಪದ ಒಂದನ್ನು ನೋಡೋಣ. ಕ್ಯಾಟಮರಾನ್ ಅಂದ್ರೆ ಇವತ್ತು ಎಲ್ಲರ ಕಣ್ಣಮುಂದೆ ಬರೋದು ಎರಡು ಒಡಲುಗಳ ಶೋಕಿ ದೋಣಿ. ಮೂಲದಲ್ಲಿ ಅದು ತಮಿಳಿನ 'ಕಟ್ಟುಮರಂ'. ನಾಲ್ಕಾರು ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಡಲಿಗಿಳಿಸೋ ಬಡ ಮೀನುಗಾರನ ತೆಪ್ಪ ಅದು. ತೆಲುಗರೂ ಅದನ್ನು ತೆಪ್ಪ ಅಂತಲೇ ಅಂತಾರೆ. ಈ ಕರಾವಳಿಯಲ್ಲಿ ಇಳಿದ ಯುರೋಪಿಯನ್ನರು ಪದವನ್ನು ಒಯ್ದರು. ಆಮೇಲೆ ಪೆಸಿಫಿಕ್ ದ್ವೀಪಗಳ ಜೋಡಿ ದೋಣಿಗೂ ಅದೇ ಹೆಸರು ಅಂಟಿಕೊಳ್ತು. ಪದ ಉಳೀತು, ವಸ್ತು ಬದಲಾಯ್ತು.

ಆನಿಕಟ್ ವಿಷಯದಲ್ಲಿ ಹಾಗಾಗಲಿಲ್ಲ. ಇಲ್ಲಿ ಇಂಗ್ಲಿಷರು ಪದದ ಜೊತೆ ಕೆಲಸವನ್ನೂ ಕಲಿತರು. ನನಗೆ ಈ ಪದ ಇಷ್ಟವಾಗೋದೇ ಅದಕ್ಕೆ.

ತಮಿಳಿನ 'ಅಣೈಕಟ್ಟು', ಕನ್ನಡದ 'ಅಣೆಕಟ್ಟು', ತೆಲುಗಿನ 'ಆನಕಟ್ಟ' ಮೂರೂ ಒಂದೇ ಮನೆಯವು. ಇಂಗ್ಲಿಷಿಗೆ ಹೋದದ್ದು ತಮಿಳಿನದು, ಕಾವೇರಿ ದಂಡೆಯಿಂದ. ತಿರುಚಿರಾಪಳ್ಳಿ ಹತ್ತಿರ ಚೋಳರ ಕಾಲದ್ದು ಅಂತ ಹೇಳೋ ಕಲ್ಲಣೈ ಇದೆ; ಇಂಗ್ಲಿಷಿನಲ್ಲಿ ಅದು ಗ್ರ್ಯಾಂಡ್ ಆನಿಕಟ್. ಮದ್ರಾಸ್ ಸೇನೆಯ ಎಂಜಿನಿಯರ್ ಆರ್ಥರ್ ಕಾಟನ್ ಅದನ್ನು ಚೆನ್ನಾಗಿ ನೋಡಿ ಅರ್ಥ ಮಾಡಿಕೊಂಡ. ಅಡಿಯಲ್ಲಿ ಬಂಡೆಯಿಲ್ಲ, ಬರೀ ಮರಳು. ಆದರೂ ಕಟ್ಟೆ ನಿಂತಿದೆ, ಹೇಗೆ? ಸಡಿಲ ಮರಳಿನ ಮೇಲೆ ಅಡಿಪಾಯ ಹಾಕೋ ವಿದ್ಯೆ ಈ ಹಳೆಯ ಕಟ್ಟೆಗಳಿಂದ ಬಂತು ಅಂತ ಕಾಟನ್ನೇ ಮುಂದೆ ಒಪ್ಪಿಕೊಂಡ. ಗೋದಾವರಿ ಡೆಲ್ಟಾದ ಊರೂರಲ್ಲಿ ಕಾಟನ್ ಪ್ರತಿಮೆ ಕಾಣಬಹುದು, ಹಾರವನ್ನೂ ಹಾಕ್ತಾರೆ. ಹಾಕಲಿ, ತಪ್ಪೇನಿಲ್ಲ. ಆದರೆ ಮರಳಿನ ಗುಟ್ಟು ಗೊತ್ತಿದ್ದ ಹೆಸರಿಲ್ಲದ ಆ ಕಟ್ಟೋರಿಗೂ ಒಂದು ಹಾರದ ಬಾಕಿ ಇದೆ.

ಈ ವಿದ್ಯೆ ಉತ್ತರಕ್ಕೆ ಬರೋಕೆ ಕಾರಣ ಹಸಿವು. 1832-33ರ ಬರದಲ್ಲಿ ಗುಂಟೂರು ಸೀಮೆಯ ಸುಮಾರು 5 ಲಕ್ಷ ಜನರಲ್ಲಿ 2 ಲಕ್ಷದಷ್ಟು ಮಂದಿ ಸತ್ತರು ಅಂತ ಲೆಕ್ಕ. ಪಕ್ಕದಲ್ಲೇ ಕೃಷ್ಣೆ ಹರೀತಿದ್ದಳು, ಆದರೆ ನೀರು ಹೊಲಕ್ಕಿಂತ ಕೆಳಗಿತ್ತು. 1847ರಲ್ಲಿ ಗೋದಾವರಿಗೆ ಧವಳೇಶ್ವರದಲ್ಲಿ ಆನಿಕಟ್ ಶುರುವಾಯ್ತು. 1852ರಿಂದ 1855ರೊಳಗೆ ಬೆಜವಾಡದಲ್ಲಿ, ಅಂದ್ರೆ ಇಂದಿನ ವಿಜಯವಾಡದಲ್ಲಿ, ಇಂದ್ರಕೀಲಾದ್ರಿ ಬೆಟ್ಟಕ್ಕೂ ಎದುರು ದಂಡೆಯ ಸೀತಾನಗರಂ ಬೆಟ್ಟಕ್ಕೂ ನಡುವೆ ಕ್ಯಾಪ್ಟನ್ ಚಾರ್ಲ್ಸ್ ಓರ್ ಉಸ್ತುವಾರಿಯಲ್ಲಿ ಕೃಷ್ಣಾ ಆನಿಕಟ್ ಎದ್ದಿತು. ವಿಜಯವಾಡದಲ್ಲಿ ಕೆಲಸ ಮಾಡೋರು ದಿನಾ ದಾಟೋ ಬಂದರು, ಏಲೂರು, ರೈವ್ಸ್ ಕಾಲುವೆಗಳು ನದಿಯಿಂದ ಹೊರಡೋದು ಇಲ್ಲಿಂದಲೇ.

ಈಗ ಅರ್ಥಕ್ಕೆ ಬರೋಣ. ಕನ್ನಡ ಪತ್ರಿಕೆಗಳಲ್ಲಿ ಅಣೆಕಟ್ಟು ಅಂದ್ರೆ ಡ್ಯಾಮ್. ಆಲಮಟ್ಟಿಯೂ ಅಣೆಕಟ್ಟು, ಕೆಆರ್‌ಎಸ್ಸೂ ಅಣೆಕಟ್ಟು. (ಮಂಡ್ಯದವರು ಮಾತ್ರ ಇವತ್ತಿಗೂ ಕನ್ನಂಬಾಡಿ ಕಟ್ಟೆ ಅಂತಾರೆ.) ಇಂಗ್ಲಿಷಿನ ಆನಿಕಟ್ ಡ್ಯಾಮ್ ಅಲ್ಲ. ಡ್ಯಾಮ್ ನೀರನ್ನು ಕೂಡಿಡುತ್ತೆ. ಆನಿಕಟ್ ನದಿಗೆ ಅಡ್ಡ ಕಟ್ಟಿದ ತಗ್ಗು ಗೋಡೆ. ಅದು ನೀರಿನ ಮಟ್ಟವನ್ನು ಸ್ವಲ್ಪ ಎತ್ತಿ ಕಾಲುವೆಗೆ ತಿರುಗಿಸುತ್ತೆ, ಮಿಕ್ಕಿದ್ದು ಗೋಡೆಯ ತಲೆ ಮೇಲಿಂದ ಸಮುದ್ರಕ್ಕೆ. ಗೇಟುಗಳಿಂದ ಆ ಮಟ್ಟವನ್ನು ಏರಿಸಿ ಇಳಿಸೋದಾದ್ರೆ ಅದು ಬ್ಯಾರೇಜ್.

ವಿಜಯವಾಡದಲ್ಲಿ ಹಳೆಯದು ಹೊಸದು ಎರಡೂ ಆಗಿವೆ. 1952ರಲ್ಲಿ ಹಳೆಯ ಆನಿಕಟ್ ಒಡೀತು. ಆಮೇಲೆ ಕಟ್ಟಿ 1957ರಲ್ಲಿ ಮುಗಿಸಿದ್ದು ಪ್ರಕಾಶಂ ಬ್ಯಾರೇಜ್. ಆಂಧ್ರ ರಾಜ್ಯದ ಮೊದಲ ಮುಖ್ಯಮಂತ್ರಿ ಟಂಗುಟೂರಿ ಪ್ರಕಾಶಂ ಹೆಸರು ಅದಕ್ಕೆ. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ 11 ಲಕ್ಷ ಕ್ಯೂಸೆಕ್ಸ್‌ಗೂ ಹೆಚ್ಚು ನೀರು ಬಂದಾಗ ಅದರ ಎಪ್ಪತ್ತು ಗೇಟುಗಳನ್ನೂ ಎತ್ತಿದ್ದರು. ಹಗ್ಗ ಕಳಚಿಕೊಂಡ ದೋಣಿಗಳು ಬಂದು ಗೇಟುಗಳನ್ನು ತೂಗೋ ಭಾರಗಳಿಗೆ ಬಡಿದವು. ಆನಿಕಟ್‌ಗೆ ಆ ಭಯವಿಲ್ಲ, ಎತ್ತೋಕೆ ಗೇಟೇ ಇಲ್ಲವಲ್ಲ. (ಆ ವಾರ ಊರು ಮುಳುಗಿದ್ದು ಮುಖ್ಯವಾಗಿ ಬುಡಮೇರು ಹಳ್ಳದಿಂದ, ಅದು ಬೇರೆ ಕಥೆ.)

ಲಂಡನ್ನಿನಲ್ಲಿ ಆನಿಕಟ್ ಅಂದ್ರೆ ಯಾರಿಗೂ ತಿಳಿಯೋದಿಲ್ಲ, ಅಲ್ಲಿ ವಿಯರ್ ಅನ್ನಬೇಕು. ಶ್ರೀಲಂಕಾದಲ್ಲಿ ನಡೆಯುತ್ತೆ. ರಾಜಸ್ಥಾನದ ಹಳ್ಳಿಗಳಲ್ಲಂತೂ ಹಳ್ಳಕ್ಕೆ ಹಾಕೋ ಚಿಕ್ಕ ತಡೆಗೋಡೆಗೆ 'ಎನಿಕಟ್' ಅಂತಾರೆ, ದ್ರಾವಿಡ ಪದ ಅನ್ನೋ ಗುಮಾನಿಯೂ ಇಲ್ಲದೆ. ನಮ್ಮ ಶಿವಮೊಗ್ಗ ಹತ್ತಿರದ ಗಾಜನೂರಿನದು ಕಡತದಲ್ಲಿ ತುಂಗಾ ಆನಿಕಟ್, ಜನರ ಬಾಯಲ್ಲಿ ಗಾಜನೂರು ಡ್ಯಾಮ್. ಕನ್ನಡದ ನೆಂಟ ಪದ ಇಂಗ್ಲಿಷಿನವರ ಕಡತದಲ್ಲಿ, ಇಂಗ್ಲಿಷ್ ಪದ ನಮ್ಮ ಬಾಯಲ್ಲಿ!

ಆಲಮಟ್ಟಿ ಎತ್ತರದ ಸುದ್ದಿ ಬಂದಾಗಲೆಲ್ಲ ಇಲ್ಲಿನ ಆಫೀಸುಗಳಲ್ಲಿ ಊಟದ ಹೊತ್ತಿಗೆ ಕನ್ನಡಿಗರ ಕಡೆ ಒಂದು ನೋಟ ಬೀಳುತ್ತೆ. ಕೃಷ್ಣಾ ಜಿಲ್ಲೆಯ ಗೆಳೆಯರೊಬ್ಬರು ನನಗೆ ನೇರವಾಗೇ ಕೇಳಿದ್ರು, "ಮೀರು ನೀಳ್ಳು ಆಪೇಸ್ತೇ ಮಾಕೇಂಟಂಡಿ?" ನೀವು ನೀರು ನಿಲ್ಲಿಸಿಬಿಟ್ರೆ ನಮ್ಮ ಗತಿಯೇನು ಅಂತ. ಆ ಪ್ರಶ್ನೆ ಇರೋದು ಈ ಪದದೊಳಗೇ. ಆನಿಕಟ್‌ಗೆ ಕೂಡಿಡೋಕೆ ಬರೋಲ್ಲ, ಮೇಲಿನವರು ಬಿಟ್ಟಷ್ಟೇ ಅದಕ್ಕೆ. ನೂರು ವರ್ಷ ಡೆಲ್ಟಾ ಹಾಗೇ ಬದುಕಿತ್ತು. ಬಚಾವತ್ ನ್ಯಾಯಮಂಡಳಿ ನೀರು ಹಂಚುವಾಗ 1960ರ ಸೆಪ್ಟೆಂಬರ್‌ಗೆ ಮುಂಚಿನ ಬಳಕೆಗೆ ಆದ್ಯತೆ ಕೊಟ್ಟಿತು. ಕೃಷ್ಣಾ ಡೆಲ್ಟಾಗೆ 181.2 ಟಿಎಂಸಿ ಸಿಕ್ಕಿತು.

ಹಾಗಂತ ನಮ್ಮ ಲೆಕ್ಕವೂ ಆ ಗೋಡೆಯಿಂದ ದೂರವೇನಿಲ್ಲ. ವಿಜಯವಾಡದಲ್ಲಿ 1894-95ರಿಂದ ಬರೆದಿಟ್ಟ ಹರಿವಿನ ದಾಖಲೆಯ ಆಧಾರದ ಮೇಲೆ, ನೂರು ವರ್ಷದಲ್ಲಿ 75 ವರ್ಷ ನಂಬಬಹುದಾದ ನೀರು 2060 ಟಿಎಂಸಿ ಅಂತ ಮೂರೂ ರಾಜ್ಯಗಳು ಒಪ್ಪಿದವು. ಮಹಾರಾಷ್ಟ್ರಕ್ಕೆ 560, ಆಂಧ್ರಕ್ಕೆ 800, ಕರ್ನಾಟಕಕ್ಕೆ 700. ವಿಜಯಪುರ, ಬಾಗಲಕೋಟೆ, ರಾಯಚೂರಿನ ಕಾಲುವೆಗಳ ಹಿಂದಿರೋ ಆ 700 ಹುಟ್ಟಿದ್ದು ಬೆಜವಾಡದಲ್ಲಿ ಅಳೆದ ನೀರಿನಿಂದ. ಗೆಳೆಯರಿಗೆ ನಾನು ಇದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಲಮಟ್ಟಿನ ಕನ್ನಡದಲ್ಲಿ ಏನಂತೀರಿ?" ಅಂದ್ರು. ಅಣೆಕಟ್ಟು ಅಂದೆ. "ಅದು ಆನಕಟ್ಟ ಅಲ್ಲವಲ್ಲ!" ಅಂದ್ರು. ಅವರು ಹೇಳಿದ್ದು ಸರಿ.