ಬುಖಾರಿಯವರ ಮೊದಲ ಹದೀಸ್

ಪ್ರವಾದಿ ಮುಹಮ್ಮದರು ನಿಧನರಾದದ್ದು ಕ್ರಿ.ಶ. 632ರಲ್ಲಿ. ಅವರ ನಡೆನುಡಿಗಳ ವರದಿಗೆ ಹದೀಸ್ ಎಂದು ಹೆಸರು. ಹದೀಸ್ ಸಂಗ್ರಹಗಳಲ್ಲಿ ಸುನ್ನಿ ಮುಸ್ಲಿಮರು ಅತ್ಯಂತ ವಿಶ್ವಾಸಾರ್ಹವೆಂದು ಮನ್ನಿಸುವ 'ಸಹೀಹ್ ಅಲ್-ಬುಖಾರಿ' ಸಿದ್ಧವಾದದ್ದು ಸುಮಾರು ಎರಡು ಶತಮಾನಗಳ ನಂತರ. ಅಷ್ಟು ದೂರ ಸಾಗಿಬಂದ ಮಾತನ್ನು ನಂಬುವುದು ಹೇಗೆ?

ಇಂದಿನ ಉಜ್ಬೆಕಿಸ್ತಾನದ ಬುಖಾರಾದಲ್ಲಿ 810ರಲ್ಲಿ ಜನಿಸಿದ ಇಮಾಮ್ ಬುಖಾರಿ (ಮರಣ 870) ಆರು ಲಕ್ಷ ಹದೀಸ್‌ಗಳಿಂದ ಆರಿಸಿದರೆಂದು ಪರಂಪರೆ ಹೇಳುತ್ತದೆ. ಗ್ರಂಥದಲ್ಲಿರುವುದು ಪುನರುಕ್ತಿ ಬಿಟ್ಟರೆ ಸುಮಾರು 2,600. ಉಳಿದವೆಲ್ಲ ಸುಳ್ಳೆಂದು ಎಣಿಸಬಾರದು. ಒಂದೇ ಮಾತು ಹತ್ತು ದಾರಿಗಳಲ್ಲಿ ಬಂದರೆ ಹತ್ತು ಹದೀಸ್ ಎಂದು ಲೆಕ್ಕ ಹಾಕುವುದು ಈ ಶಾಸ್ತ್ರದ ರೂಢಿ.

ಪ್ರತಿ ಹದೀಸಿಗೂ ಯಾರಿಂದ ಯಾರು ಕೇಳಿದರೆಂಬ ಸರಣಿಯಿರುತ್ತದೆ, ಅದೇ ಇಸ್ನಾದ್. ಸರಣಿಯಲ್ಲಿರುವ ಪ್ರತಿಯೊಬ್ಬರ ನಡತೆ, ನೆನಪಿನ ಶಕ್ತಿ ಎರಡನ್ನೂ ಪರೀಕ್ಷಿಸುತ್ತಿದ್ದರು. ಹೇಳಿದವರೂ ಕೇಳಿದವರೂ ಸಮಕಾಲೀನರಾಗಿದ್ದು ಭೇಟಿ ಸಾಧ್ಯವಿದ್ದರೆ ಸಾಕೆಂದರು ಇನ್ನೊಬ್ಬ ಸಂಗ್ರಾಹಕ ಮುಸ್ಲಿಂ. ಬುಖಾರಿಯವರಿಗೆ ಅದು ಸಾಲದು; ಒಮ್ಮೆಯಾದರೂ ಭೇಟಿಯಾದದ್ದಕ್ಕೆ ಆಧಾರ ಬೇಕು. ವಿಜ್ಞಾನ ಓದಿದ ನನಗೆ ಈ ಹಟ ಬಹಳ ಹಿಡಿಸುತ್ತದೆ.

ಗ್ರಂಥದ ಮೊಟ್ಟಮೊದಲ ಹದೀಸನ್ನೇ ನೋಡಿ. ಕರ್ಮದ ಬೆಲೆ ಅದರ ಹಿಂದಿನ ಸಂಕಲ್ಪದಲ್ಲಿದೆ ಎಂಬುದು ಅದರ ಸಾರ. ಪ್ರವಾದಿಯವರಿಂದ ಉಮರ್, ಅವರಿಂದ ಅಲ್ಕಮಾ, ಅವರಿಂದ ಮುಹಮ್ಮದ್ ಬಿನ್ ಇಬ್ರಾಹೀಂ, ಅವರಿಂದ ಯಹ್ಯಾ ಬಿನ್ ಸಈದ್: ಇಲ್ಲಿಯವರೆಗೆ ಹಂತಕ್ಕೊಬ್ಬರೇ. ಯಹ್ಯಾರಿಂದ ಮುಂದೆ ಕೇಳಿದವರು ಹಲವರು. ಉಮರ್ ಇದನ್ನು ಮಸೀದಿಯ ಪೀಠದಿಂದ ಹೇಳಿದರೆಂದು ಅದೇ ವರದಿ ತಿಳಿಸುತ್ತದೆ. ಆದರೂ ದಾಟಿಸಿದವರು ಒಬ್ಬರೇ! ಹದೀಸ್ ವಿದ್ವಾಂಸರು ಈ ಒಂಟಿ ದಾರಿಯನ್ನು ಮುಚ್ಚಿಡಲಿಲ್ಲ. 'ಗರೀಬ್', ಅಂದರೆ ಅಪರೂಪದ್ದು ಎಂಬ ವರ್ಗದಲ್ಲಿಟ್ಟರು. ನಾಲ್ವರೂ ನಂಬಿಕಸ್ಥರಾದ್ದರಿಂದ ಮಾತನ್ನು ಒಪ್ಪಿದರು.

ಜೋಸೆಫ್ ಶಾಖ್ತ್ 1950ರಲ್ಲಿ ಇಂಥ ಸರಣಿಗಳಿಗೆ ಬೇರೆ ಅರ್ಥ ಕೊಟ್ಟರು. ಕವಲುಗಳೆಲ್ಲ ಕೂಡುವ ವ್ಯಕ್ತಿಯ ಕಾಲದಲ್ಲೇ ಮಾತು ಹುಟ್ಟಿ, ಹಿಂದಿನ ಹೆಸರುಗಳನ್ನು ಆಮೇಲೆ ಜೋಡಿಸಿರಬಹುದು ಎಂಬುದು ಅವರ ತರ್ಕ. ಹರಾಲ್ಡ್ ಮೋಟ್ಸ್ಕಿ ಇದನ್ನು ಒಪ್ಪಲಿಲ್ಲ. ಆ ವ್ಯಕ್ತಿ ಹುಟ್ಟಿಸಿದವನೇ ಆಗಬೇಕಿಲ್ಲ, ವ್ಯವಸ್ಥಿತವಾಗಿ ಪಾಠ ಹೇಳಿದ ಮೊದಲ ಗುರುವಾಗಿರಬಹುದು ಎಂದರು. ಪಾಠಾಂತರಗಳನ್ನೂ ಸರಣಿಗಳನ್ನೂ ಒಟ್ಟಿಗೆ ಹೋಲಿಸಿ, ಕೆಲವು ವರದಿಗಳ ಕಾಲವನ್ನು ಶಾಖ್ತ್ ಹೇಳಿದ್ದಕ್ಕಿಂತ ಹಿಂದಕ್ಕೆ ಒಯ್ದರು.

ಬುಖಾರಿಯವರನ್ನು ಪ್ರಶ್ನಿಸಿದವರು ಪಶ್ಚಿಮದವರು ಮಾತ್ರವೆಂದು ತಿಳಿಯಬೇಡಿ. ಬಾಗ್ದಾದಿನ ದಾರಕುತ್ನೀ (ಮರಣ 995) ಬುಖಾರಿ ಹಾಗೂ ಮುಸ್ಲಿಂ ಸಂಗ್ರಹಗಳ ಸುಮಾರು ಇನ್ನೂರು ಹದೀಸ್‌ಗಳಲ್ಲಿ, ಹೆಚ್ಚಾಗಿ ಸರಣಿಗಳ ಬಗ್ಗೆ, ಆಕ್ಷೇಪ ಎತ್ತಿದ್ದರು. ಹದಿನೈದನೆಯ ಶತಮಾನದಲ್ಲಿ ಕೈರೋದ ಇಬ್ನ್ ಹಜರ್ ಬುಖಾರಿಗೆ ಸಂಬಂಧಿಸಿದ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರ ಬರೆದರು.