ಹರೆಯದ ಕಣ್ಣಿಗೆ ಆರೋಗ್ಯ: ಮಾರ್ಷಲ್ ದ್ವೀಪಗಳಲ್ಲೊಂದು ವಿಚಾರದ ಬೆಳವಣಿಗೆ

ಶಾಂತಸಾಗರದ ನಡುವೆ 29 ಹವಳದ್ವೀಪ ವಲಯಗಳಲ್ಲಿಯೂ 5 ಒಂಟಿ ದ್ವೀಪಗಳಲ್ಲಿಯೂ ಚದುರಿಕೊಂಡಿರುವ ಮಾರ್ಷಲ್ ದೇಶದ ಒಟ್ಟು ನೆಲ ಸುಮಾರು 181 ಚದರ ಕಿಲೋಮೀಟರು. ನಾವು ಸಕ್ಕರೆ ಕಾಯಿಲೆ ಎನ್ನುವಂತೆಯೇ ಅವರೂ ‘ಸಿಹಿ’ ಎಂಬರ್ಥದ ಮಾತಿನಿಂದಲೇ ಕರೆಯುವ ಮಧುಮೇಹವು ಅಲ್ಲಿ ಜಗತ್ತಿನ ಅತ್ಯಧಿಕ ಪ್ರಮಾಣಗಳಲ್ಲೊಂದನ್ನು ಮುಟ್ಟಿದೆ. ಮನೆಯ ಹಿರಿಯರಲ್ಲಿ ಈ ವ್ಯಾಧಿಯನ್ನು ಕಾಣುತ್ತ ಬೆಳೆಯುವ ಹರೆಯದವರು ಆರೋಗ್ಯವನ್ನು ಹೇಗೆ ಬಗೆಯುತ್ತಾರೆ, ತಮ್ಮ ಮೈಯ ಗಾತ್ರವನ್ನು ಯಾವ ಕಣ್ಣಿನಿಂದ ನೋಡುತ್ತಾರೆ ಎಂಬ ಪ್ರಶ್ನೆಯತ್ತ ವಿದ್ವಾಂಸರು ತಿರುಗಿದುದು ಬಹಳ ತಡವಾಗಿ.

ಮೊದಲು ನಡೆದುದು ಅಳತೆ. 1946ರಿಂದ 1958ರವರೆಗೆ ಅಮೆರಿಕವು ಈ ದೇಶದ ಬಿಕಿನಿ, ಎನೆವೆಟಾಕ್‌ಗಳಲ್ಲಿ 67 ಅಣ್ವಸ್ತ್ರ ಪರೀಕ್ಷೆಗಳನ್ನು ನಡೆಸಿತು. 1954ರ ಮಾರ್ಚ್ 1ರ ‘ಬ್ರಾವೊ’ ಸ್ಫೋಟದ ವಿಷಧೂಳಿಗೆ ಸಿಕ್ಕಿದ ರೊಂಗೆಲಾಪ್, ಉಟ್ರಿಕ್ ಜನರ ದೇಹಗಳನ್ನು ವೈದ್ಯರು ದಶಕಗಳ ಕಾಲ ಪರೀಕ್ಷಿಸಿದರು. ಈ ಪರೀಕ್ಷೆಗಳಿಂದ ನೆಲೆ ತಪ್ಪಿದವರ ಎಲೆಗೆ ಅಕ್ಕಿಯೂ ಡಬ್ಬಿಯ ಮಾಂಸವೂ ಬಂದುವು. 1962ರಲ್ಲಿ ತಳಿವಿಜ್ಞಾನಿ ಜೇಮ್ಸ್ ನೀಲ್ ಅವರು, ಬರಗಾಲದಲ್ಲಿ ಬದುಕಿಸಿದ ‘ಮಿತವ್ಯಯಿ’ ವಂಶವಾಹಿಯೇ ಸುಭಿಕ್ಷದಲ್ಲಿ ಮಧುಮೇಹಕ್ಕೆ ಕಾರಣವಾಗಬಹುದೆಂದು ಊಹಿಸಿದರು. ಶಾಂತಸಾಗರದ ವಿಷಯದಲ್ಲಿ ಈ ಊಹೆ ಬಹುಕಾಲ ಪ್ರಬಲವಾಗಿದ್ದಿತು. ಆದರೆ ರಕ್ತವನ್ನು ಬಲ್ಲ ಆ ಶಾಸ್ತ್ರಕ್ಕೆ ಅಡಿಗೆಮನೆಯ ಪರಿಚಯ ಸಾಲದಾಗಿತ್ತು.

ಆ ಪರಿಚಯವನ್ನು ತಂದವರು ಮಾನವಶಾಸ್ತ್ರಜ್ಞರು. ನಮು ದ್ವೀಪದಲ್ಲಿ ಅಧ್ಯಯನ ಮಾಡಿದ ನ್ಯಾನ್ಸಿ ಪೊಲಾಕ್ ಅವರು ಆಹಾರವನ್ನು ನೆಲದೊಡನೆ, ಬಂಧುತ್ವದೊಡನೆ ಸೇರಿಸಿ ನೋಡಿದರು. ನಮ್ಮ ಕರಾವಳಿಯವರು ಜೀಗುಜ್ಜೆ ಎನ್ನುವ ಕಾಯನ್ನು ಅಲ್ಲಿಯವರು ಸಿಪ್ಪೆ ತೆಗೆದು, ಉಪ್ಪುನೀರಿನಲ್ಲಿ ನೆನೆಸಿ, ಎಲೆ ಹಾಸಿದ ಗುಂಡಿಯಲ್ಲಿ ಹುಳಿಯಲು ಮುಚ್ಚಿಟ್ಟು, ಕಾಯಿಲ್ಲದ ತಿಂಗಳುಗಳಲ್ಲಿ ತೆಗೆದು ಬೇಯಿಸಿ ಉಣ್ಣುವರು. ಅದರ ಹೆಸರು ‘ಬ್ವಿರೊ’. ಬಿರುಗಾಳಿ ಬಂದರೆ ಫಸಲೆಲ್ಲ ಹೋಗುವ ನೆಲದಲ್ಲಿ ತುಂಬಿದ ಮೈಯೆಂಬುದು, ಇವನನ್ನು ಸಾಕುವವರಿದ್ದಾರೆ ಎಂಬುದಕ್ಕೆ ಸಾಕ್ಷಿಯಾಗಿದ್ದರೆ ಅದರಲ್ಲಿ ಆಶ್ಚರ್ಯವೇನು?

ಮೂರನೆಯ ಘಟ್ಟದಲ್ಲಿ ಮನಸ್ಸಿನ ವಿಚಾರ ಮುಂದೆ ಬಂದಿತು. ಕೃಶವಾದುದರಿಂದ ಸ್ಥೂಲವಾದುದರವರೆಗೆ ಸಾಲಾಗಿ ನಿಂತ ಒಂಬತ್ತು ಆಕೃತಿಗಳ ಚಿತ್ರಪಟವೊಂದು 1983ರಲ್ಲಿ ಪ್ರಕಟವಾಗಿ, ‘ನೀನು ಇವುಗಳಲ್ಲಿ ಯಾವುದು? ಯಾವುದಾಗಬೇಕೆಂದಿದ್ದೀಯೆ?’ ಎಂದು ಕೇಳುವ ಪದ್ಧತಿ ಹರಡಿತು. ಫಿಜಿಯ ಒಂದು ಪ್ರಾಂತಕ್ಕೆ ದೂರದರ್ಶನ ಬಂದ 1995ರಲ್ಲೊಮ್ಮೆ, 1998ರಲ್ಲೊಮ್ಮೆ ಶಾಲಾ ಬಾಲಕಿಯರನ್ನು ವಿಚಾರಿಸಿದ ಮಾನವಶಾಸ್ತ್ರಜ್ಞೆ ಆನ್ ಬೆಕರ್ ಅವರಿಗೆ, ಉಣ್ಣುವ ವಿಷಯದಲ್ಲಿ ವಿಕಾರದ ಲಕ್ಷಣವಿದ್ದವರು ಶೇ. 12.7ರಿಂದ 29.2ಕ್ಕೆ ಏರಿದುದು ಕಂಡಿತು. ಮಾರ್ಷಲ್ ದ್ವೀಪಗಳಲ್ಲಿಯೇ ನಡೆದು 2001ರಲ್ಲಿ ಹೊರಬಂದ ಅಧ್ಯಯನವೊಂದು, ಹಿಂದೆ ಮನ್ನಣೆ ಪಡೆದಿದ್ದ ದೊಡ್ಡ ಮೈಯ ಆದರ್ಶವು ಪಾಶ್ಚಾತ್ಯ ಚಿತ್ರಗಳಿಂದಲೂ ಆರೋಗ್ಯ ಪ್ರಚಾರದಿಂದಲೂ ಸಡಿಲುತ್ತಿದೆಯೆಂದು ತಿಳಿಸಿತು. ಒಂದೇ ಸೂರಿನಡಿಯಲ್ಲಿ ಸ್ಥೂಲಳಾದ ತಾಯಿಯೂ ಸೊರಗಿದ ಮಗುವೂ ಇರುವ ಮನೆಗಳನ್ನು 2003ರ ಇನ್ನೊಂದು ಬರಹ ಎತ್ತಿ ತೋರಿಸಿತು. 2017ರ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವರ ಬೆಳವಣಿಗೆ ಕುಂಠಿತವಾಗಿತ್ತು. ಇದ್ದುದು ಹೊಟ್ಟೆಬಾಕತನವಲ್ಲ, ಅಂಗಡಿಗೆ ಬರುವ ಅನ್ನದಲ್ಲಿ ಸತ್ವದ ಬಡತನ.

ಈಚಿನ ಘಟ್ಟದಲ್ಲಿ, ಬಹುಮಂದಿ ಮಾರ್ಷಲೀಯರು ವಲಸೆ ಹೋಗಿ ನೆಲೆಸಿರುವ ಅಮೆರಿಕದ ಸ್ಪ್ರಿಂಗ್‌ಡೇಲ್ ಪಟ್ಟಣದಲ್ಲಿ, ಸಮುದಾಯದವರೇ ಪ್ರಶ್ನೆಗಳನ್ನು ರೂಪಿಸುವುದರಲ್ಲಿ ಪಾಲುಗೊಳ್ಳುವ ಕ್ರಮ ಬೇರೂರಿದೆ. ಸರಿಯಾದ ದಾರಿ ಇದೇ ಎಂಬುದು ನನ್ನ ದೃಢವಾದ ನಂಬಿಕೆ. ಮನೆಯಲ್ಲಿ ‘ಇನ್ನಷ್ಟು ಉಣ್ಣು’ ಎಂಬ ಪ್ರೀತಿಯನ್ನೂ, ಪರದೆಯ ಮೇಲೆ ತೆಳುಮೈಯ ಹೊಗಳಿಕೆಯನ್ನೂ, ಚಿಕಿತ್ಸಾಲಯದಲ್ಲಿ ತೂಕದ ಎಚ್ಚರಿಕೆಯನ್ನೂ ಒಟ್ಟಿಗೆ ಕೇಳುವ ಹುಡುಗಿಯ ಮುಂದೆ ಆ ಒಂಬತ್ತು ಆಕೃತಿಗಳನ್ನು ಹಿಡಿದರೆ, ಅವಳ ಬೆರಳು ಅವುಗಳಲ್ಲೊಂದನ್ನು ಮುಟ್ಟೀತು. ಆದರೆ ಅವಳ ಅಜ್ಜಿ ತೋಡಿದ ಬ್ವಿರೊ ಗುಂಡಿ ಈಗ ಎಲ್ಲಿದೆ, ಆ ನೆಲ ಯಾರ ವಶದಲ್ಲಿದೆ ಎಂಬುದನ್ನೂ ಕೇಳಿದಾಗಲೇ ಆ ಬೆರಳು ಹೇಳುವ ಮಾತು ಪೂರ್ತಿಯಾದೀತು.