ಆತಕೂರಿನ ಕಾಳಿಯಿಂದ ನಮ್ಮ ಅಂಗಳದ ಸರಪಳಿವರೆಗೆ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಶಾಸನದ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 950ರ ಸುಮಾರು. ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ, ಚೋಳರೊಂದಿಗೆ ತಕ್ಕೋಲದಲ್ಲಿ ನಡೆದ ಯುದ್ಧ, ಎಲ್ಲವೂ ಅದರಲ್ಲಿ ಬರುತ್ತವೆ. ಆದರೆ ಕಲ್ಲಿನ ಮೇಲೆ ಕೆತ್ತಿರುವುದು ಕಾಡುಹಂದಿಯೊಂದಿಗೆ ಕಾದಾಡುತ್ತಿರುವ ನಾಯಿಯನ್ನು. ಹೆಸರು ಕಾಳಿ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಈ ಬೇಟೆನಾಯಿಯನ್ನೇ. ಮುಂದೆ ಅದು ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ಮಣಲೇರ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ.

ಈ ಕಲ್ಲಿನ ವಿಷಯ ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗಲೇ ನಮಗೆ ಗೊತ್ತಿತ್ತು. ಆದರೆ ಅದು ಮನಸ್ಸಿಗೆ ನಾಟಿದ್ದು ಎರಡು ವರ್ಷದ ಹಿಂದೆ, ನಮ್ಮ ಮನೆಯ ನಾಯಿ ಬಿಸಿಲಿಗೆ ಸತ್ತ ಮೇಲೆ. ಆ ಮಾತಿಗೆ ಆಮೇಲೆ ಬರುತ್ತೇವೆ. ಮೊದಲು ನಮ್ಮ ಕಡೆಯ ನಾಯಿಗಳ ಕತೆ ಹೇಳಬೇಕು.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಈಗ ದೇಶಕ್ಕೇ ಗೊತ್ತು. ತೆಳು ಮೈ, ಗಿಡ್ಡ ಕೂದಲು, ಉದ್ದ ಕಾಲು. ಬಯಲುಸೀಮೆಯ ಬಿಸಿಲಲ್ಲಿ ಓಡಲೆಂದೇ ಇರುವ ಮೈಕಟ್ಟು. ಅರಮನೆಗೆ ಸೇರುವ ಮೊದಲು ಅದು ಬೇಡರ ಜೊತೆ, ಕುರಿಗಾರರ ಜೊತೆ ಇತ್ತು. ಹಿರಿಯರು ಹೇಳುವಂತೆ ಬೇಟೆ ನಡೆಯುತ್ತಿದ್ದುದು ಹೊತ್ತು ಮೂಡುವಾಗ. ಬಿಸಿಲೇರಿದರೆ ಮನುಷ್ಯನೂ ನಾಯಿಯೂ ಜಾಲಿಯ ನೆರಳಿಗೆ. ಕುರಿಗಾರರು ಮೇವು ನೀರು ಇದ್ದ ಕಡೆ ಹಟ್ಟಿ ಕಿತ್ತುಕೊಂಡು ಹೋಗುವಾಗ ನಾಯಿಯೂ ಹಿಂದೆಯೇ ಹೋಗುತ್ತಿತ್ತು. ಬೇಸಿಗೆ ಬಂದರೆ ಅದು ಹೊಳೆದಂಡೆಯ ಹಸಿ ಮಣ್ಣು ಕೆದರಿ ಹೊಟ್ಟೆ ಊರಿ ಮಲಗುತ್ತಿತ್ತು. ಅದಕ್ಕೆ ಯಾರೂ ನೆರಳು ಕಟ್ಟಿಕೊಟ್ಟಿರಲಿಲ್ಲ. ಕೊರಳಿಗೆ ಹಗ್ಗವಿಲ್ಲದ್ದರಿಂದ ಕಟ್ಟಿಕೊಡುವ ಅಗತ್ಯವೂ ಇರಲಿಲ್ಲ.

ಈ ಬದುಕು ಒಂದೇ ದಿನಕ್ಕೆ ಹೋಗಲಿಲ್ಲ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಹಲವರನ್ನು ಗಲ್ಲಿಗೇರಿಸಿದರು. 20ನೇ ಶತಮಾನದ ಮೊದಲ ಭಾಗದಲ್ಲಿ ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ನಾಯಿಗಳ ತಳಿ ಕಾಪಾಡಲು ಮುಂದಾದರು. ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೂ ಒಂದು ಜೋಡಿ ಕೊಟ್ಟರೆಂದು ಇಲ್ಲಿ ಇಂದಿಗೂ ಹೇಳುತ್ತಾರೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆ ಅಪರಾಧವಾಯಿತು. ಕಾಯ್ದೆ ಬೇಕಿತ್ತು, ತಕರಾರಿಲ್ಲ. ಆದರೆ ನಾಯಿಯ ಕೆಲಸ ಹೋಯಿತು, ಅದರ ಜೊತೆ ಓಡಾಟವೂ ಹೋಯಿತು.

ಕೆಲಸ ಹೋದ ಮೇಲೆ ಮರ್ಯಾದೆ ಬಂತು. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ತಂದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಾಯಿತು. ಸೇನೆ ಮೀರತ್‌ಗೆ ಮರಿಗಳನ್ನು ಒಯ್ದು ತರಬೇತಿ ಕೊಟ್ಟಿತು. ಮರಿಗೆ ಬೆಲೆ ಬಂತು. ಬೆಲೆ ಬಂದದ್ದನ್ನು ಯಾರೂ ಬಿಟ್ಟು ಸಾಕುವುದಿಲ್ಲ, ಕಳುವಾಗುತ್ತದೆಂದು ಕಟ್ಟುತ್ತಾರೆ. ಇದೇ ಹೊತ್ತಿಗೆ ನಮ್ಮ ಮನೆಗಳೂ ಬದಲಾದವು. ಮಣ್ಣಿನ ಮಾಳಿಗೆ ಹೋಗಿ ಆರ್‌ಸಿಸಿ ಬಂತು, ದನದ ಕೊಟ್ಟಿಗೆಗೆ ಪತ್ರಾಸ್ ಬಂತು, ಅಂಗಳಕ್ಕೆ ಸಿಮೆಂಟ್ ಬಿತ್ತು.

ನಾವೂ ಹೀಗೇ ಮಾಡಿದ್ದೆವು. ರಾಜಾನನ್ನು ಅಂಗಳದ ಪತ್ರಾಸ್ ಶೆಡ್ಡಿನ ಕಂಬಕ್ಕೆ ಕಟ್ಟಿದ್ದೆವು. ಆ ದಿನ ಏಪ್ರಿಲ್ ಬಿಸಿಲಿನ ಬಗ್ಗೆ ಸುದ್ದಿ ಮಾಡಲು ತಾಲ್ಲೂಕು ಕೇಂದ್ರಕ್ಕೆ ಹೋಗಿದ್ದೆವು. ಮಧ್ಯಾಹ್ನ ಜನ ಹೊರಗೆ ಬರಬಾರದು, ನೀರು ಹೆಚ್ಚು ಕುಡಿಯಬೇಕು ಎಂದು ಬರೆದು ಕಳಿಸಿದ್ದೂ ಆಯಿತು. ಅಷ್ಟರಲ್ಲಿ ಅವ್ವನ ಫೋನ್ ಬಂತು: “ನಾಯಿ ಏಳವಲ್ದು, ಲಗೂನ ಬಾ.” ಹೋಗಿ ನೋಡಿದರೆ ನೀರಿನ ಬೋಗುಣಿ ಮಗುಚಿತ್ತು. ಬೆಳಿಗ್ಗೆ ಕಂಬದ ಬುಡದಲ್ಲಿದ್ದ ನೆರಳು ಗೋಡೆಯಾಚೆ ಸರಿದಿತ್ತು. ಸರಪಳಿ ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲ. ಗಾಬರಿಯಲ್ಲಿ ಐಸ್ ತರಿಸಿ ಮೈಮೇಲೆ ಇಟ್ಟೆವು. ನಾಯಿ ಉಳಿಯಲಿಲ್ಲ.

ಆಮೇಲೆ ಪಶುವೈದ್ಯರು ತಿಳಿಸಿ ಹೇಳಿದರು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಸುತ್ತಲ ಗಾಳಿಯೇ ಕಾದಿದ್ದರೆ ಅದೂ ಸಾಗದು. ಅದರ ಮೈಬಿಸಿ ಸಹಜವಾಗಿ 38ರಿಂದ 39 ಡಿಗ್ರಿ. 41 ದಾಟಿದರೆ ಜೀವಕ್ಕೆ ಅಪಾಯ. ಏದುಸಿರು ನಿಲ್ಲದೆ, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡಿದರೆ ತಕ್ಷಣ ನೆರಳಿಗೆ ಒಯ್ಯಬೇಕು. ಹೊಟ್ಟೆ, ತೊಡೆಸಂದಿ, ಪಾದಕ್ಕೆ ಸಾದಾ ನೀರು ಹಾಕಿ ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಹೊರಡಬೇಕು. ಐಸ್ ಇಟ್ಟರೆ ಚರ್ಮದ ರಕ್ತನಾಳಗಳು ಬಿಗಿದು ಒಳಗಿನ ಬಿಸಿ ಹೊರಗೆ ಬರುವುದು ತಡವಾಗಬಹುದು ಎಂದರು.

ಬೇಸಿಗೆಯೊಂದೇ ಅಲ್ಲ, ಕಟ್ಟಿದ ನಾಯಿಗೆ ಎಲ್ಲ ಕಾಲವೂ ಕಷ್ಟವೇ. ಮಳೆಗಾಲದಲ್ಲಿ ಒಣ ಜಾಗ ಹುಡುಕಿ ಹೋಗಲು ಅದಕ್ಕೆ ಆಗದು. ಹಸಿ ಗೋಣಿಚೀಲದಲ್ಲೇ ಮಲಗಿ ಚರ್ಮ ಹುಣ್ಣಾಗುತ್ತದೆ, ಉಣ್ಣೆ ಹತ್ತಿ ಜ್ವರ ಬರುತ್ತದೆ. ಕಿವಿಯೊಳಗೆ, ಬೆರಳಸಂದಿಯಲ್ಲಿ ದಿನಾ ನೋಡಿ ಉಣ್ಣೆ ತೆಗೆಯಬೇಕು. ಚಳಿಗಾಲದ ಕತೆ ಬೇರೆ. ಕಾರ್ತಿಕದಲ್ಲಿ ಕೂಡಿದ ನಾಯಿಗಳು ಸುಮಾರು 63 ದಿನಕ್ಕೆ, ಅಂದರೆ ಸರಿಯಾಗಿ ಚಳಿಯಲ್ಲೇ ಮರಿ ಹಾಕುತ್ತವೆ. ಮುಧೋಳದಂಥ ತೆಳು ಮೈಯ ತಳಿಗೆ ಬರೀ ಸಿಮೆಂಟ್ ನೆಲ ಸಾಲದು. ಅಡಿಗೆ ಒಣ ಹುಲ್ಲು, ಗಾಳಿಗೆ ಮರೆ ಬೇಕು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಇದನ್ನೇ ಹೇಳುತ್ತದೆ. ಸದಾ ಕಟ್ಟಿದ ನಾಯಿಯನ್ನು ಓಡಾಡಿಸದಿರುವುದು, ಸಾಕಷ್ಟು ಅನ್ನ, ನೀರು, ಆಸರೆ ಕೊಡದಿರುವುದು ಅಪರಾಧ. ಜಿಲ್ಲೆಯ ಸುದ್ದಿ ಬರೆಯುವ ನಮಗೆ ಈ ಕಲಮು ಗೊತ್ತಾದದ್ದೂ ರಾಜಾ ಸತ್ತ ಮೇಲೆಯೇ.

ಈಗ ಮನೆಯಲ್ಲಿ ಇನ್ನೊಂದು ನಾಯಿ ಇದೆ. ಬೆಳಿಗ್ಗೆ ಹೊತ್ತು ಏರುವ ಮುಂಚೆ ಹೊಲದವರೆಗೆ ಒಂದು ಸುತ್ತು. ಹಗಲು ಬೇವಿನ ಗಿಡದ ಕೆಳಗೆ ಬಿಡುತ್ತೇವೆ. ಅಲ್ಲಿ ಸಿಮೆಂಟ್ ಅಗೆದು ಮಣ್ಣು ಉಳಿಸಿದ್ದೇವೆ. ಮಗುಚದ ಕಲ್ಲಿನ ದೋಣಿಯಲ್ಲಿ ನೀರು ಇಟ್ಟಿದ್ದೇವೆ. ಕುರಿ ಹಿಂಡಿನೊಂದಿಗೆ ಬಂದಿದ್ದ ಹಿರಿಯರೊಬ್ಬರು ಇದನ್ನು ನೋಡಿ ಅಂದರು: “ಬಿಟ್ಟ ನಾಯಿ ತನ್ನ ನೆಳ್ಳು ತಾನ ಹುಡಕೋತೈತ್ರಿ. ಕಟ್ಟಿದ ನಾಯಿಗೆ ನೀವ ಹುಡುಕಿ ಕೊಡಬೇಕು.”

ನಿಮ್ಮ ಮನೆಯಲ್ಲೂ ನಾಯಿ ಕಟ್ಟಿದ್ದರೆ, ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಒಮ್ಮೆ ಹೊರಗೆ ಬನ್ನಿ. ನೆರಳು ಎಲ್ಲಿದೆ, ಸರಪಳಿ ಎಲ್ಲಿಯವರೆಗೆ ಮುಟ್ಟುತ್ತದೆ, ನೋಡಿ.